ಸಹಾಯ ಬೇಕು: ಮಂಡಿ ನೋವಿರೋರು ‘ಮಲೆಗಳಲ್ಲಿ ಮದುಮಗಳು’ ನಾಟಕ ನೋಡಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನಮ್ಮವ್ವ ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡ್ಕೊಂಡೇ ಬೆಳೆದವಳು. ಕುವೆಂಪು ಕಾದಂಬರಿಯನ್ನೂ ಓದಿದಾಳೆ, ಗುತ್ತಿಯ ನಾಯಿ ಹುಲಿಯನ ವಿಷಯ ತೆಗೆದ್ರೆ ಈಗಲೂ ಕಣ್ಣೊರೆಸ್ಕೋತಾಳೆ. ಬೆಂಗಳೂರಿನ ಕಲಾಗ್ರಾಮದಲ್ಲಿ ಸಿ. ಬಸವಲಿಂಗಯ್ಯ ಮಾಡಿಸಿದ, ಹಂಸಲೇಖ ಸಂಗೀತದ ಆ ನಾಟಕ ಮತ್ತೆ ಹಾಕಿದ್ರೆ ತೋರಿಸಲೇಬೇಕು ಅಂತ ಹಟ.

ತೊಂದ್ರೆ ಏನಂದ್ರೆ, ಅದು ರಾತ್ರಿ ಶುರುವಾಗಿ ಬೆಳಗಾಗೋವರೆಗೆ ನಡಿಯೋ ಒಂಬತ್ತು ತಾಸಿನ ನಾಟಕ. ಅವ್ವಗೆ ಎರಡೂ ಮಂಡಿ ಸವೆದಾವೆ. ನಿದ್ದೆಗೆಡೋದು ಅವಳಿಗೆ ಲೆಕ್ಕಕ್ಕಿಲ್ಲ, ಮಂಡಕ್ಕಿ ಡಬ್ಬಿ ಒಯ್ಯೋ ಪ್ಲಾನೂ ಆಗಿದೆ! ಆದ್ರೆ ನೆಲದ ಮೇಲೆ ಕೂತ್ರೆ ಏಳಿಸೋಕೆ ಇಬ್ಬರು ಬೇಕು.

ನೋಡಿ ಬಂದವರನ್ನ ಕೇಳಿದೆ. ಬಯಲಲ್ಲಿ ಬೇರೆ ಬೇರೆ ರಂಗಸ್ಥಳ, ಪ್ರೇಕ್ಷಕರೇ ಎದ್ದು ಒಂದರಿಂದ ಇನ್ನೊಂದಕ್ಕೆ ಹೋಗ್ಬೇಕು ಅಂದ್ರು. ಎಷ್ಟು ದೂರ ಅಂದ್ರೆ ಒಬ್ಬರು ‘ನಾಲ್ಕು ಹೆಜ್ಜೆ’ ಅಂತಾರೆ, ಇನ್ನೊಬ್ಬರು ‘ಕತ್ತಲಲ್ಲಿ ಏರು ಇಳಿಜಾರು, ವಯಸ್ಸಾದವರನ್ನ ಕರ್ಕೊಂಡು ಹೋಗ್ಬೇಡ’ ಅಂತಾರೆ. ಯಾರ ಮಾತು ನಂಬ್ಲಿ? ಯೂಟ್ಯೂಬ್‌ನಲ್ಲಿ ನೋಡಿದ್ರೆ ರಂಗ ಕಾಣುತ್ತೆ, ಜನ ಕೂರೋ ಜಾಗ ಕಾಣಲ್ಲ.

ರೈಲಿನ ವಿಷಯ ಬಿಡಿ, ಅದನ್ನ ನಾನು ನೋಡ್ಕೋತೀನಿ. ವಯಸ್ಸಾದವರನ್ನ ಕರ್ಕೊಂಡು ಹೋಗಿದ್ದವರು ಇಷ್ಟು ಹೇಳಿ: ಎಲ್ಲಾ ರಂಗಸ್ಥಳದ ಹತ್ರಾನೂ ಕುರ್ಚಿ ಸಿಗುತ್ತಾ, ಇಲ್ಲಾ ನಾವೇ ಮಡಚೋ ಕುರ್ಚಿ ಒಯ್ದ್ರೆ ಒಳಗೆ ಬಿಡ್ತಾರಾ? ಮಧ್ಯದಲ್ಲಿ ನಡೆಯೋ ದಾರಿಯಲ್ಲಿ ಮೆಟ್ಟಿಲು ಇದಾವಾ?