ಹೆಲ್ಮ್ಸ್‌ರಿಗೆ ಟೆಹರಾನಿನ ರಾಯಭಾರ: ಬಹುಮಾನವೋ, ಸಾಗಹಾಕುವ ಉಪಾಯವೋ?

ಪ್ರಶ್ನೆ:
1966ರಿಂದ 1973ರ ಆರಂಭದವರೆಗೆ ಅಮೆರಿಕದ ಬೇಹುಗಾರಿಕೆ ಸಂಸ್ಥೆಯಾದ ಸಿಐಎ ಮುಖ್ಯಸ್ಥರಾಗಿದ್ದ ರಿಚರ್ಡ್ ಹೆಲ್ಮ್ಸ್, ಆ ಹುದ್ದೆ ಬಿಟ್ಟ ಬೆನ್ನಲ್ಲೇ ಇರಾನಿಗೆ ಅಮೆರಿಕದ ರಾಯಭಾರಿಯಾಗಿ ಹೋದರು. ಬೇಹುಗಾರಿಕೆಯಲ್ಲೇ ತಲೆ ನರೆತವರಿಗೆ ಈ ಹುದ್ದೆ ಸಿಕ್ಕಿದ್ದು ಸೇವೆಗೆ ಸಂದ ಬಹುಮಾನವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1:
ಬಹುಮಾನವಲ್ಲ, ಸಾಗಹಾಕಿದ್ದು. ಎದುರಾಳಿ ಪಕ್ಷದ ಕಚೇರಿಗೆ ಕನ್ನ ಹಾಕಿದ ವಾಟರ್‌ಗೇಟ್ ಹಗರಣದ ತನಿಖೆಗೆ ಅಡ್ಡಗಾಲು ಹಾಕಲು ಸಿಐಎಯನ್ನು ಬಳಸಿಕೊಳ್ಳಬೇಕೆಂದು ಅಧ್ಯಕ್ಷ ನಿಕ್ಸನ್ ಬಳಗ ಹವಣಿಸಿದಾಗ, ಹೆಲ್ಮ್ಸ್ ಸಂಸ್ಥೆಯನ್ನು ಆ ಹಗರಣದಿಂದ ದೂರವಿಡಲು ನೋಡಿದರು. 1972ರ ಚುನಾವಣೆ ಗೆದ್ದ ನಿಕ್ಸನ್, ಅದೇ ನವೆಂಬರಿನಲ್ಲಿ ಅವರನ್ನು ಕ್ಯಾಂಪ್ ಡೇವಿಡ್‌ಗೆ ಕರೆಸಿ ಹುದ್ದೆ ಬಿಡಬೇಕೆಂದು ತಿಳಿಸಿದರು. ರಾಯಭಾರಿಯಾಗುವ ಮಾತು ಬಂದಾಗ ಮಾಸ್ಕೋ ಬೇಡ, ಟೆಹರಾನ್ ಆಗಬಹುದು ಎಂದವರು ಹೆಲ್ಮ್ಸ್ ಅವರೇ. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಗ್‌ರ ಸರ್ಕಾರವನ್ನು ಉರುಳಿಸುವುದರಲ್ಲಿ ಸಿಐಎ ಕೈಯಿತ್ತೆಂಬುದನ್ನು ಮರೆಯದ ಇರಾನಿಗರಿಗೆ ಈ ನೇಮಕ ಹೇಗೆ ಕಂಡಿರಬೇಡ!

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ಮುಖ್ಯವಾದದ್ದು ಅನಂತರದ ಕಥೆ. ಅಮೆರಿಕದಲ್ಲಿ ರಾಯಭಾರಿಯ ನೇಮಕಕ್ಕೆ ಸೆನೆಟ್ಟಿನ ಒಪ್ಪಿಗೆ ಬೇಕು; ಹಾಗಾಗಿ 1973ರ ಫೆಬ್ರವರಿಯಲ್ಲಿ ಹೆಲ್ಮ್ಸ್ ವಿದೇಶಾಂಗ ಸಮಿತಿಯ ಮುಂದೆ ಪ್ರಮಾಣ ಮಾಡಿ ಕುಳಿತರು. ಚಿಲಿಯ ಸರ್ಕಾರವನ್ನು ಉರುಳಿಸಲು ಸಿಐಎ ಯತ್ನಿಸಿತ್ತೇ ಎಂದು ಸೆನೆಟರ್ ಸೈಮಿಂಗ್ಟನ್ ಕೇಳಿದಾಗ, ಇಲ್ಲವೆಂದರು. ಆದರೆ 1970ರಲ್ಲಿ ಚಿಲಿಯ ಸಮಾಜವಾದಿ ನಾಯಕ ಅಯೆಂದೆ ಅಧಿಕಾರಕ್ಕೇರದಂತೆ ತಡೆಯಲು ನಿಕ್ಸನ್ ಸೂಚಿಸಿದ್ದು ಇದೇ ಹೆಲ್ಮ್ಸ್‌ರಿಗೆ. ಗುಟ್ಟು ಕಾಯುವುದು ಬೇಹುಗಾರನ ಧರ್ಮ, ಪ್ರಮಾಣ ಮಾಡಿದ ಮೇಲೆ ನಿಜ ನುಡಿಯುವುದು ರಾಯಭಾರಿಯಾಗಹೊರಟವನ ಕರ್ತವ್ಯ. ಎರಡೂ ಆ ಒಂದು ಕುರ್ಚಿಯಲ್ಲಿ ಡಿಕ್ಕಿ ಹೊಡೆದವು. ಟೆಹರಾನಿನಲ್ಲಿದ್ದಾಗಲೂ ತನಿಖಾ ಸಮಿತಿಗಳಿಗೆ ಉತ್ತರಿಸಲು ಅವರು ಮತ್ತೆ ಮತ್ತೆ ವಾಷಿಂಗ್ಟನ್ನಿಗೆ ಓಡಬೇಕಾಯಿತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಶಿಕ್ಷೆಯೇನಾದರೂ ಆಯಿತೇ?

ಉತ್ತರ 2:
ಆಯಿತು. 1977ರ ನವೆಂಬರಿನಲ್ಲಿ, ಸಮಿತಿಗೆ ಪೂರ್ಣ ಸಾಕ್ಷ್ಯ ನುಡಿಯಲಿಲ್ಲವೆಂಬ ಆರೋಪವನ್ನು ಅವರು ಎದುರಿಸಿ ವಾದಿಸಲಿಲ್ಲ. ನ್ಯಾಯಾಧೀಶರು ಕಟುವಾಗಿ ಖಂಡಿಸಿ 2,000 ಡಾಲರ್ ದಂಡ ಹಾಕಿದರು. ಎರಡು ವರ್ಷದ ಸೆರೆವಾಸವನ್ನು ಅಮಾನತಿನಲ್ಲಿಟ್ಟರು.

ಉತ್ತರ 3:
ಆ ದಂಡವೂ ಅವರ ಕೈಯಿಂದ ಹೋಗಲಿಲ್ಲ. ಶಿಕ್ಷೆಯಾದ ಮೇಲೆ ನಿವೃತ್ತ ಸಿಐಎ ಅಧಿಕಾರಿಗಳ ಭೋಜನಕೂಟಕ್ಕೆ ಹೋದರೆ, ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ನೋಟು, ಚೆಕ್ಕುಗಳನ್ನು ಕಸದ ಬುಟ್ಟಿಗೆ ಹಾಕಿ ಹಣ ಕೂಡಿಸಿಕೊಟ್ಟರು.