ಮಾರುವ ಮುನ್ನ ಹಳೆಯ ಮನೆಗೆ ಎಷ್ಟು ರಿಪೇರಿ?

ಕಳೆದ ಸಂಚಿಕೆಯ ಸಮಸ್ಯೆ: "ಮೂವತ್ತೈದು ವರ್ಷದ ಮನೆ ಮಾರಬೇಕಾಗಿದೆ. ಚಾವಣಿಯಲ್ಲೂ ಬಚ್ಚಲ ಹಿಂದಿನ ಗೋಡೆಯಲ್ಲೂ ತೇವದ ಕಲೆಗಳಿವೆ. ಮಗ ಅಡುಗೆಮನೆ ಹೊಸದು ಮಾಡಿಸೋಣ ಎನ್ನುತ್ತಾನೆ, ಮನೆಯವರಿಗೆ ಮೊಸಾಯಿಕ್ ನೆಲದ ಮೇಲೆ ಟೈಲ್ಸ್ ಬೇಕು. ಹಣ ಒಂದಕ್ಕೆ ಸಾಲಬಹುದು. ಯಾವುದಕ್ಕೆ ಹಾಕಲಿ?" ಇದಕ್ಕೆ ಐವರ ಉತ್ತರ ಇಲ್ಲಿದೆ. ಬರೆದವರ ವೃತ್ತಿ ಪ್ರತಿ ಉತ್ತರದ ಕೊನೆಗಿದೆ.

ಎರಡನ್ನೂ ಸದ್ಯಕ್ಕೆ ಕೈಬಿಡಿ. ಹೊಸ ಅಡುಗೆಮನೆ ತೋರಿಸಿದರೂ ಕೊಳ್ಳಲು ಬಂದವರ ಕಣ್ಣು ಚಾವಣಿಯ ಕಲೆಯ ಮೇಲೇ ಇರುತ್ತದೆ. ರಿಪೇರಿಗೆ ನಿಜವಾಗಿ ತಗಲುವುದಕ್ಕಿಂತ ಹೆಚ್ಚನ್ನೇ ಲೆಕ್ಕ ಹಾಕಿ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ.

ನೀರಿನ ಮೂಲ ಹುಡುಕಿ. ನೆಲದಿಂದ ಮೂರಡಿಯವರೆಗೆ ಪಟ್ಟಿಯಂತೆ ತೇವವಿದ್ದು, ಮೇಲಂಚಿನಲ್ಲಿ ಬಿಳಿ ಉಪ್ಪು ಕಂಡರೆ ಅದು ಅಡಿಪಾಯದಿಂದ ಏರಿದ್ದು. ಮಳೆ ಬಂದ ಮೇಲೆ ಗಾಢವಾಗುವ ಕಲೆ ತಾರಸಿಯದು ಇಲ್ಲವೇ ಹೊರಗೋಡೆಯ ಬಿರುಕಿನದು. ಸ್ನಾನವಾದ ಮೇಲೆ ಹೆಚ್ಚಾದರೆ ಬಚ್ಚಲ ಟೈಲ್ಸ್ ಸಂದು ಅಥವಾ ನೀರು ಹೋಗುವ ಟ್ರ್ಯಾಪ್‌ನ ಸುತ್ತಲಿನ ಬಿರುಕು. ಮಳೆ–ಬಿಸಿಲೆನ್ನದೆ ಸದಾ ಒದ್ದೆ ಇದ್ದರೆ ಪೈಪು: ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ಇಳಿದಿದೆಯೇ ನೋಡಿ. ಕಮೋಡಿನ ಫ್ಲಶ್ ಸೋರಿದರೂ ಮಟ್ಟ ಇಳಿಯುತ್ತದೆ, ಅದರ ವಾಲ್ವನ್ನೂ ಮುಚ್ಚಿಡಿ.

ತಾರಸಿಯ ಅನುಮಾನವಿದ್ದರೆ ಮಳೆನೀರಿನ ಪೈಪಿನ ಬಾಯಿ ಬಿಗಿದು ಒಂದು ಅಂಗುಲ ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನಿಂದ ನೋಡಿ. ಅಷ್ಟು ನೀರಿಗೆ ಪ್ರತಿ ಚದರ ಮೀಟರಿಗೆ 25 ಕಿಲೋ ಭಾರ. ಸ್ಲ್ಯಾಬಿನ ಕಂಬಿ ಹೊರಗೆ ಕಾಣುತ್ತಿದ್ದರೆ ಈ ಪರೀಕ್ಷೆ ಬೇಡ. ಹೆಚ್ಚಾಗಿ ಸೋರುವುದು ತಾರಸಿಯ ನಡುವೆ ಅಲ್ಲ, ಪ್ಯಾರಪೆಟ್ ಗೋಡೆ ನೆಲಕ್ಕೆ ಸೇರುವ ಮೂಲೆಯಲ್ಲಿ, ಪೈಪಿನ ಬಾಯಿಯ ಸುತ್ತ. ಬಿರುಕನ್ನು 'ವಿ' ಆಕಾರದಲ್ಲಿ ಕೊರೆದು, ಧೂಳು ತೆಗೆದು ಪಾಲಿಮರ್ ಗಾರೆ (ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ) ತುಂಬಿಸಿ. ಮೂಲೆಯುದ್ದಕ್ಕೂ ಗಾರೆಯನ್ನು ಇಳಿಜಾರಾಗಿ ಕಟ್ಟಿಸಿ, ಫೈಬರ್ ಜಾಲರಿ ಇಟ್ಟು ವಾಟರ್‌ಪ್ರೂಫ್ ಲೇಪನ ಎರಡು ಕೋಟ್. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ತಾರಸಿ ಪೂರ್ತಿ ಒಣಗದೆ ಹಚ್ಚಿದರೆ ಒಳಗುಳಿದ ನೀರು ಬಿಸಿಲಿಗೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ.

ಚಾವಣಿಯಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಂಡರೆ ಪ್ಲಾಸ್ಟರ್ ಮೆತ್ತಿಸಿ ಮುಚ್ಚಬೇಡಿ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗೇ ಹಿಗ್ಗಿ ಹೊಸ ಪ್ಲಾಸ್ಟರನ್ನೂ ಕೆಳಕ್ಕೆ ತಳ್ಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬರುವಷ್ಟನ್ನೂ ಕೆಡವಿ, ಕಂಬಿಯ ಹಿಂಬದಿಯವರೆಗೂ ತುಕ್ಕು ಉಜ್ಜಿ, ತುಕ್ಕುನಿರೋಧಕ ಬಳಿದ ಮೇಲೆ ಪಾಲಿಮರ್ ಗಾರೆ. ನಾಲ್ಕಾರು ಕಡೆ ಹೀಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ಯಾವುದನ್ನೂ ಮುಟ್ಟಿಸಬೇಡಿ.
– ಸಿವಿಲ್ ಎಂಜಿನಿಯರ್

ಖರ್ಚಿಗೆ ಮುಂಚೆ ಒಂದು ಪ್ರಶ್ನೆ. ಕೊಳ್ಳುವವರು ಈ ಮನೆಯಲ್ಲಿ ಇರುತ್ತಾರೋ, ಕೆಡವುತ್ತಾರೋ? ಅಕ್ಕಪಕ್ಕದಲ್ಲಿ ಈಚೆಗೆ ಮಾರಾಟವಾದ ಇಷ್ಟೇ ಹಳೆಯ ಮನೆಗಳ ಜಾಗದಲ್ಲಿ ಹೊಸ ಕಟ್ಟಡ ಎದ್ದಿದ್ದರೆ ನೀವು ಮಾರುತ್ತಿರುವುದು ನಿವೇಶನವನ್ನು. ಆಗ ತಾರಸಿಗೆ ಸುರಿದ ಹಣವೂ ಹಿಂದಿರುಗದು. ಗಿಡಗಂಟಿ ತೆಗೆಸಿ, ಗಡಿ ಕಾಣುವಂತೆ ಮಾಡಿ, ಸ್ಥಳದ ಅಳತೆ ದಾಖಲೆಗೆ ಹೊಂದುತ್ತದೆಯೇ ತಾಳೆ ನೋಡಿ. ಅಷ್ಟು ಸಾಕು.

ವಾಸಕ್ಕೇ ಕೊಳ್ಳುವವರಾದರೆ, ಒಪ್ಪಿಗೆ ಪಡೆದ ನಕ್ಷೆಯಲ್ಲಿಲ್ಲದ ಕೋಣೆ, ಶೆಡ್‌ಗಳ ವಿಷಯ ಮೊದಲು ಸರಿಮಾಡಿಕೊಳ್ಳಿ. ಅವರ ಗೃಹಸಾಲ ಅಲ್ಲೇ ಸಿಕ್ಕಿಬೀಳಬಹುದು. ಪ್ರತಿ ರಿಪೇರಿಯ ಬಿಲ್ ಇಡಿ, ಮುಚ್ಚುವ ಮುಂಚೆ ಫೋಟೊ ತೆಗೆಯಿರಿ. ಗೊತ್ತಿರುವ ದೋಷವನ್ನು ಹೇಳಿ, ಒಪ್ಪಂದದಲ್ಲೂ ಬರೆಸಿ. ಮುಚ್ಚಿಟ್ಟದ್ದು ನೋಂದಣಿಯಾದ ಮೇಲೂ ತಕರಾರಾಗಿ ಮರಳಿ ಬರುತ್ತದೆ.
– ಆಸ್ತಿ ಮೌಲ್ಯಮಾಪಕ

ವೈರಿಂಗ್ ಬಗ್ಗೆ ನೀವು ಬರೆದೇ ಇಲ್ಲ. ಆ ಕಾಲದ ಮನೆಗಳಲ್ಲಿ ಎಷ್ಟೋ ಪಾಯಿಂಟುಗಳಿಗೆ ಅರ್ಥ್ ವೈರೇ ಇರುವುದಿಲ್ಲ. ಸಾಕೆಟ್ ಮಾತ್ರ ಮೂರು ಪಿನ್‌ನದು ಹಾಕಿಸಿ ಹೊಸದರಂತೆ ತೋರಿಸುವುದು ಮೋಸವಷ್ಟೇ ಅಲ್ಲ, ಜೀವಕ್ಕೆ ಅಪಾಯ.

ವೈರಿನ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ 500 ವೋಲ್ಟ್ ಮೆಗ್ಗರ್ ಉಪಕರಣದಲ್ಲಿ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ಯಾವುದಾದರೂ ಸರ್ಕ್ಯೂಟ್ 1 ಮೆಗಾಓಮ್‌ಗಿಂತ ಕೆಳಗಿದ್ದರೆ, ಅಥವಾ ವೈರ್ ಬಗ್ಗಿಸಿದಾಗ ಹೊದಿಕೆ ಪುಡಿಯಾದರೆ, ಆ ಸಾಲನ್ನು ಬದಲಿಸಲೇಬೇಕು. ತಾಮ್ರದ ವೈರ್ ದೀಪಕ್ಕೆ 1.5 ಚದರ ಮಿ.ಮೀ., 16 ಆಂಪ್ ಸಾಕೆಟ್‌ಗೆ 2.5, ಗೀಸರ್ ಮತ್ತು ಏಸಿಗೆ 4. ಇದರೊಂದಿಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ. ಹಳೆಯ ಮನೆಗಳಲ್ಲಿ ಅದು ಪದೇ ಪದೇ ಟ್ರಿಪ್ ಆಗುವುದಕ್ಕೆ ಹಲವು ಸಲ ಕಾರಣ, ಎರಡು ಸಾಲುಗಳ ನ್ಯೂಟ್ರಲ್ (ವಿದ್ಯುತ್ ಹಿಂದಿರುಗುವ ವೈರ್) ಎಲ್ಲೋ ಒಂದಾಗಿರುವುದು ಅಥವಾ ಅರ್ಥ್‌ಗೆ ತಗಲಿರುವುದು. ನ್ಯೂಟ್ರಲ್ ಬೇರ್ಪಡಿಸುವ ಬದಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಡುವವರಿದ್ದಾರೆ, ಒಪ್ಪಬೇಡಿ. ಗೋಡೆ ಕೊರೆಯುವ ಈ ಕೆಲಸವೆಲ್ಲ ಬಣ್ಣಕ್ಕೆ ಮುಂಚೆ ಮುಗಿಯಬೇಕು.
– ಎಲೆಕ್ಟ್ರಿಕಲ್ ಗುತ್ತಿಗೆದಾರ

ಅಡುಗೆಮನೆ ಪೂರ್ತಿ ಬದಲಿಸಿದರೆ ಅದು ನಿಮ್ಮ ರುಚಿಯದಾಗುತ್ತದೆ, ಕೊಂಡವರು ಕಿತ್ತು ತಮ್ಮದನ್ನು ಮಾಡಿಸುತ್ತಾರೆ. ಸಡಿಲವಾದ ಕೀಲು, ಡ್ರಾಯರ್ ಹಳಿ, ಹಿಡಿಕೆ ಬದಲಿಸಿ. ಸಿಂಕಿನ ಅಂಚಿನ ಹಳೆಯ ಸಿಲಿಕೋನ್ ಕೆರೆದು ಹೊಸದು ಹಚ್ಚಿಸಿ. ಸೋರುವ ನಲ್ಲಿಗೆ ವಾಷರ್.

ಮೊಸಾಯಿಕ್ ಮೇಲೆ ಟೈಲ್ಸ್ ಅಂಟಿಸಿದರೆ ನೆಲ ಒಂದೂವರೆ ಸೆಂ.ಮೀ.ನಷ್ಟು ಏರುತ್ತದೆ. ಬಾಗಿಲುಗಳ ಅಡಿ ಕೊಯ್ಯಬೇಕು, ಬಚ್ಚಲ ನೆಲಕ್ಕೂ ಅಂಟಿಸಿದರೆ ಅದರ ಹೊಸ್ತಿಲು ತಗ್ಗಾಗಿ ನೀರು ಹೊರಬರಬಹುದು. ಮೊಸಾಯಿಕ್ ಗಟ್ಟಿಯಿದ್ದರೆ ಯಂತ್ರದಲ್ಲಿ ಪಾಲಿಶ್ ಮಾಡಿಸುವುದೇ ಲೇಸು. ಒರಟು ಕಲ್ಲಿನಿಂದ ನಯ ಕಲ್ಲಿಗೆ ಹಂತಹಂತವಾಗಿ ಹೋಗಲಿ, ನಡುವಿನ ಹಂತ ಬಿಟ್ಟರೆ ಗೀರು ಉಳಿಯುತ್ತವೆ.

ಬಾಗಿಲ ಚೌಕಟ್ಟುಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗೆದ್ದಲಿದ್ದರೆ ಗೋಡೆ–ನೆಲ ಸೇರುವಲ್ಲಿ ಒಂದಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಔಷಧಿ ತುಂಬಿಸಿ, ಸಿಮೆಂಟಿನಿಂದ ಮುಚ್ಚಬೇಕು. ಚೌಕಟ್ಟಿಗೆ ಬರೀ ಬಣ್ಣ ಬಳಿದರೆ ಒಳಗೆ ತಿನ್ನುವುದು ನಿಲ್ಲದು.
– ಮರಗೆಲಸ ಮತ್ತು ಒಳಾಂಗಣ ಮೇಸ್ತ್ರಿ

ಬಣ್ಣ ಎಲ್ಲಕ್ಕಿಂತ ಕೊನೆಗೆ. ಹೊಸ ಪ್ಲಾಸ್ಟರ್ ಕನಿಷ್ಠ 28 ದಿನ ಒಣಗಲಿ. ಅನುಮಾನವಿದ್ದರೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಹಾಳೆಯ ಒಳಬದಿಯಲ್ಲಿ ಬೆವರು ಕಂಡರೆ ಗೋಡೆ ಇನ್ನೂ ಹಸಿ. ಉಬ್ಬಿದ ಹಳೆಯ ಪುಟ್ಟಿಯನ್ನು ಬುಡದವರೆಗೆ ಕೆರೆದು ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್, ತಿಳಿ ಬಣ್ಣದ ಎಮಲ್ಷನ್ ಎರಡು ಕೋಟ್. ಕಲೆಯಿದ್ದ ತುಂಡಿಗಷ್ಟೇ ಬಳಿಸಬೇಡಿ, ದೋಷ ಎಲ್ಲಿತ್ತೆಂದು ನೀವೇ ಬೆರಳಿಟ್ಟು ತೋರಿಸಿದ ಹಾಗಾಗುತ್ತದೆ. ಪೂರ್ತಿ ಗೋಡೆ, ಮೂಲೆಯಿಂದ ಮೂಲೆಗೆ. ಶೇಡ್ ಸಂಖ್ಯೆಯಿರುವ ಡಬ್ಬಿಯಲ್ಲಿ ಅರ್ಧ ಲೀಟರ್ ಉಳಿಸಿಡಿ. ಮನೆ ನೋಡಲು ಜನ ಬಂದುಹೋಗುವಾಗ ಸ್ವಿಚ್ಚಿನ ಸುತ್ತ, ಬಾಗಿಲಂಚಿನಲ್ಲಿ ಕೈಗುರುತು ಬೀಳುತ್ತಲೇ ಇರುತ್ತವೆ.
– ಪೇಂಟಿಂಗ್ ಗುತ್ತಿಗೆದಾರ