ಪಾರದರ್ಶಕ ಬೀಗ ತೆಗೆಯುತ್ತೆ, ಹಿತ್ತಾಳೆ ಬೀಗ ಜಪ್ಪಯ್ಯ ಅಂದ್ರೂ ಇಲ್ಲ: ಪಿಕ್ಕಿಂಗ್ ಎಲ್ಲಿಂದ ಶುರು ಮಾಡೋದು?

ಚಿಲಕ_07:

ಬೀಗ ಪಿಕ್ ಮಾಡೋದನ್ನ, ಅಂದ್ರೆ ಕೀಲಿ ಇಲ್ಲದೆ ಕಡ್ಡಿಯಿಂದ ತೆಗೆಯೋದನ್ನ, ಹವ್ಯಾಸವಾಗಿ ಕಲಿಯೋಣ ಅಂತ ಆನ್‌ಲೈನ್‌ನಲ್ಲಿ 17 ಪೀಸಿನ ಸೆಟ್ ತರಿಸಿದೆ. ಜೊತೆಗೆ ಬಂದ ಪಾರದರ್ಶಕ ಪ್ಲಾಸ್ಟಿಕ್ ಬೀಗ ಅರ್ಧ ನಿಮಿಷದಲ್ಲಿ ತೆಗೆಯುತ್ತೆ. ಹಾರ್ಡ್‌ವೇರ್ ಅಂಗಡಿಯಿಂದ ತಂದ ಎರಡು ಬೀಗ ಮಾತ್ರ ಜಗ್ಗಲ್ಲ. ಒಂದು 40 ಎಂಎಂ ಹಿತ್ತಾಳೆಯದು, ಚಪ್ಪಟೆ ಕೀಲಿ. ಇನ್ನೊಂದು ದಪ್ಪ ಬೀಗ, ಮೇಲೆ '7 ಲಿವರ್' ಅಂತ ಕೆತ್ತಿದೆ.

ಸೆಟ್ಟಿನಲ್ಲಿರೋ 17ರಲ್ಲಿ ನಿಜವಾಗಿ ಬೇಕಾಗೋದು ಯಾವುದು? ಟೆನ್ಷನ್, ಅಂದ್ರೆ ಬೀಗ ತಿರುಗೋ ಕಡೆಗೆ ಕಡ್ಡಿಯಿಂದ ಕೊಡೋ ಒತ್ತಡ, ಎಷ್ಟು ಕೊಡಬೇಕು ಅಂತ ಯಾರೂ ಸರಿಯಾಗಿ ಹೇಳಲ್ಲ, "ಹಗುರಾಗಿ" ಅಂತಾರೆ ಅಷ್ಟೆ. ಮತ್ತೆ, ಇದನ್ನೆಲ್ಲ ಮನೇಲಿ ಇಟ್ಕೊಂಡ್ರೆ ಕಾನೂನು ತೊಂದರೆ ಏನಾದ್ರೂ ಇದೆಯಾ?

ಅರದಪುಡಿ:

ಮೊದಲು ಆ 7 ಲಿವರ್ ಬೀಗ ಪಕ್ಕಕ್ಕಿಡಿ. ನಿಮ್ಮ ಸೆಟ್ಟಿನ ಯಾವ ಕಡ್ಡಿಗೂ ಅದು ಬಗ್ಗಲ್ಲ, ತಪ್ಪು ನಿಮ್ಮ ಕೈಯದಲ್ಲ. ಅದರೊಳಗೆ ನಿಮ್ಮ ಕಡ್ಡಿ ಎತ್ತುವಂಥ ಪಿನ್ನುಗಳೇ ಇಲ್ಲ. ಒಂದರ ಮೇಲೊಂದು ಪೇರಿಸಿದ, ಲಿವರ್ ಅನ್ನೋ ತಗಡುಗಳಿರುತ್ತವೆ. ಕೀಲಿ ಪ್ರತಿಯೊಂದನ್ನೂ ಅದರದರ ಎತ್ತರಕ್ಕೆ ಎತ್ತಿದಾಗ ಕಿಂಡಿಗಳೆಲ್ಲ ಒಂದೇ ಸಾಲಿಗೆ ಬಂದು ಬೋಲ್ಟಿನ ಗೂಟ ಒಳಕ್ಕೆ ಜಾರುತ್ತದೆ. ದಿಂಡಿಗಲ್‌ನ ಹಳೇ ಮಾದರಿ ಬೀಗ, ಗೋದ್ರೆಜ್ ನವ್‌ತಾಲ್ ಎಲ್ಲ ಈ ಜಾತಿ. ಇದಕ್ಕೆ ಬೇಕಾದ ಸಾಧನವೇ ಬೇರೆ: ಒಂದು ಕಡ್ಡಿ ಬೋಲ್ಟನ್ನು ತಳ್ಳಿ ಹಿಡಿದಿರುತ್ತದೆ, ಇನ್ನೊಂದು ತಗಡುಗಳನ್ನು ಒಂದೊಂದಾಗಿ ಎತ್ತುತ್ತದೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಚಬ್ ಕಂಪನಿಯ ಲಿವರ್ ಬೀಗ ತೆಗೆದು ತೋರಿಸಿದ. ಈ ಬಗೆಯ ಸಾಧನಕ್ಕೆ ಇವತ್ತಿಗೂ ಹಾಬ್ಸ್ ಪಿಕ್ ಅಂತಲೇ ಹೆಸರು.

ಮುಂದಿನ ಸಲ ಅಂಗಡಿಯಲ್ಲಿ ಬೀಗಕ್ಕಿಂತ ಮೊದಲು ಕೀಲಿ ನೋಡಿ. ಕಾಂಡವೆಲ್ಲ ಸಾದಾ, ಹಲ್ಲು ತುದಿಯಲ್ಲಷ್ಟೇ ಬಾವುಟದ ಹಾಗೆ ಚಾಚಿದ್ದರೆ ಲಿವರ್. ಚಪ್ಪಟೆ ಕೀಲಿಯ ಅಂಚಿನುದ್ದಕ್ಕೂ ಗರಗಸದಂತೆ ಕಚ್ಚುಗಳಿದ್ದರೆ ಪಿನ್. ಚಪ್ಪಟೆ ಮುಖದ ಮೇಲೆ ಕುಳಿ ಕುಳಿ ಇದ್ದರೆ ಡಿಂಪಲ್. ಅದರೊಳಗೂ ಪಿನ್ನೇ ಇರೋದು, ಆದರೆ ಸದ್ಯಕ್ಕೆ ಅದರ ತಂಟೆಗೆ ಹೋಗಬೇಡಿ.

ಪಿನ್ ಬೀಗದಲ್ಲೂ ಕೀಲಿಯ ಕಚ್ಚು ನೋಡಿ ಆರಿಸಬೇಕು. ಕಚ್ಚುಗಳು ಹೆಚ್ಚುಕಮ್ಮಿ ಒಂದೇ ಆಳದಲ್ಲಿದ್ದರೆ ಕಲಿಯೋಕೆ ಒಳ್ಳೇದು. ಬಾಯಿಯ ಹತ್ತಿರ ಆಳದ ಕಚ್ಚು, ಅದರ ಬೆನ್ನಿಗೇ ಎತ್ತರದ ಹಲ್ಲು ಇದ್ದರೆ ಅಂಥ ಬೀಗ ಬಿಟ್ಟುಬಿಡಿ. ಆಳದ ಕಚ್ಚು ಅಂದರೆ ಉದ್ದ ಪಿನ್, ಅದಕ್ಕೆ ಒಂಚೂರು ಎತ್ತಿದರೆ ಸಾಕು. ಅದರ ಹಿಂದಿನ ಗಿಡ್ಡ ಪಿನ್ನನ್ನು ಮಾತ್ರ ತುಂಬಾ ಮೇಲಕ್ಕೆ ಎತ್ತಬೇಕು. ಕೊಕ್ಕೆಯ ತುದಿ ಹಿಂದಿನದನ್ನು ಎತ್ತುವಷ್ಟರಲ್ಲಿ ಅದರ ಬೆನ್ನು ಮುಂದಿನದನ್ನು ಅಳತೆ ಮೀರಿ ತಳ್ಳಿಬಿಟ್ಟಿರುತ್ತದೆ. ಹೊಸಬರು ಒಂದೇ ಬೀಗದ ಮುಂದೆ ವಾರಗಟ್ಟಲೆ ಕೂರೋದು ಬಹಳ ಸಲ ಇದರಿಂದಲೇ.

ಸೆಟ್ಟಿನಲ್ಲಿ ಬೇಕಾದ್ದು ಮೂರು: ಸಣ್ಣ ಕೊಕ್ಕೆ, ಅದಕ್ಕಿಂತ ಸ್ವಲ್ಪ ಎತ್ತರದ ಇನ್ನೊಂದು ಕೊಕ್ಕೆ, ಮತ್ತೆ ಸರಿಯಾಗಿ ಕೂರುವ ಒಂದು ಟೆನ್ಷನ್ ಕಡ್ಡಿ. ಉಳಿದ ಹಾವು, ಅಲೆ, ಚೆಂಡಿನಾಕಾರದ್ದೆಲ್ಲ ಡಬ್ಬಿಯಲ್ಲೇ ಇರಲಿ. ಅಗ್ಗದ ಸೆಟ್ಟಿನ ಕಡ್ಡಿಗಳ ಅಂಚು ಒರಟಾಗಿರುತ್ತದೆ. ಪಿನ್ನಿನ ಮೇಲೆ ಜಾರುವ ಬದಲು ಕೆರೆಯುತ್ತದೆ, ಕೆರೆತವನ್ನೇ ಕ್ಲಿಕ್ ಅಂದುಕೊಳ್ಳುತ್ತೀರಿ. 400ರ, ಆಮೇಲೆ 800ರ, ಕೊನೆಗೆ 1000ದ ಎಮರಿ ಕಾಗದದಲ್ಲಿ ಉದ್ದಕ್ಕೆ ತಿಕ್ಕಿ, ಅಡ್ಡಕ್ಕೆ ಬೇಡ.

ಇನ್ನು ಕೆಲಸ. ಪ್ಲಗ್ ಅಂದರೆ ಕೀಲಿ ಹಾಕಿದಾಗ ತಿರುಗುವ ಉರುಳೆ. ಅದರಲ್ಲಿ ಕೀಲಿ ಪಿನ್, ಅದರ ಮೇಲೆ ಡ್ರೈವರ್ ಪಿನ್, ಅದರ ಮೇಲೆ ಸ್ಪ್ರಿಂಗ್. ಎರಡು ಪಿನ್ನುಗಳ ಸಂದು ಪ್ಲಗ್ಗಿನ ಅಂಚಿಗೆ, ಅಂದರೆ ಶಿಯರ್ ಲೈನಿಗೆ, ಸರಿಯಾಗಿ ಬಂದರೆ ಪ್ಲಗ್ ತಿರುಗುತ್ತದೆ. ಕಾರ್ಖಾನೆಯಲ್ಲಿ ಕೊರೆದ ತೂತುಗಳು ಎಷ್ಟೇ ಆದರೂ ನೂಲು ಹಿಡಿದಂತೆ ಒಂದೇ ಸಾಲಿನಲ್ಲಿರಲ್ಲ. ಹಾಗಾಗಿ ಪ್ಲಗ್ಗನ್ನು ತಿರುಗಿಸಲು ನೋಡಿದಾಗ ಎಲ್ಲ ಪಿನ್ ಒಟ್ಟಿಗೆ ಸಿಕ್ಕಿಕೊಳ್ಳಲ್ಲ, ಒಂದು ಮೊದಲು ಕಚ್ಚಿಕೊಳ್ಳುತ್ತದೆ. ಪಿಕ್ಕಿಂಗ್ ಅಂದರೆ ಆ ಒಂದನ್ನು ಹುಡುಕೋದು, ಕೂರಿಸೋದು, ಮುಂದೆ ಯಾವುದು ಕಚ್ಚಿಕೊಂಡಿತು ಅಂತ ಮತ್ತೆ ಹುಡುಕೋದು.

ಮೊದಲು ಟೆನ್ಷನ್ ಇಲ್ಲದೆ ಕೊಕ್ಕೆಯನ್ನು ಒಳಗಿನವರೆಗೂ ಬಿಟ್ಟು ಹೊರಗೆ ಎಳೆಯುತ್ತಾ ಪಿನ್ ಎಣಿಸಿ. 40 ಎಂಎಂ ಬೀಗದಲ್ಲಿ ಸಾಮಾನ್ಯವಾಗಿ ನಾಲ್ಕು ಅಥವಾ ಐದು. ಆಮೇಲೆ ಟೆನ್ಷನ್ ಕೊಟ್ಟು ಒಂದೊಂದನ್ನೂ ಮೆಲ್ಲಗೆ ಮುಟ್ಟಿ. ಸ್ಪ್ರಿಂಗಿನಂತೆ ಪುಟಿದರೆ ಅದರ ಸರದಿ ಬಂದಿಲ್ಲ. ಗಟ್ಟಿಯಾಗಿ ಎದುರೊತ್ತಿದರೆ ಅದೇ ನಿಮ್ಮ ಪಿನ್. ಕೂದಲೆಳೆಯಷ್ಟು ಎತ್ತಿ, ಸಣ್ಣ ಕ್ಲಿಕ್ ಬರುತ್ತೆ, ಟೆನ್ಷನ್ ಬೆರಳಿಗೆ ಪ್ಲಗ್ ಒಂಚೂರು ಸರಿದದ್ದು ಗೊತ್ತಾಗುತ್ತೆ. ಕೂತ ಪಿನ್ ಮುಟ್ಟಿದರೆ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತೆ, ಆದರೆ ಪುಟಿಯಲ್ಲ. ಕಲ್ಲಿನ ಹಾಗೆ ನಿಂತು ಸ್ವಲ್ಪವೂ ಅಲುಗದಿದ್ದರೆ ಅದನ್ನು ಅಳತೆ ಮೀರಿ ಎತ್ತಿದ್ದೀರಿ. ಟೆನ್ಷನ್ ಬಿಟ್ಟು ಮೊದಲಿಂದ ಶುರು ಮಾಡೋದೇ ದಾರಿ.

ಟೆನ್ಷನ್ ಎಷ್ಟು ಅಂದ್ರಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ತೋರುಬೆರಳು ಒತ್ತಿ ನೋಡಿ. 50ರಿಂದ 100 ಗ್ರಾಂ ತೋರಿಸಬೇಕು, ಅಷ್ಟೇ. ಉಗುರು ಬೆಳ್ಳಗಾದರೆ ನಾಲ್ಕೈದು ಪಟ್ಟು ಜಾಸ್ತಿ ಒತ್ತುತ್ತಿದ್ದೀರಿ ಅಂತ ಅರ್ಥ. ಜಾಸ್ತಿ ಒತ್ತಿದರೆ ಒಂದರ ಬದಲು ಎಲ್ಲ ಪಿನ್ನೂ ಒಟ್ಟಿಗೆ ಬಿಗಿದುಕೊಳ್ಳುತ್ತವೆ, ಯಾವುದರ ಸರದಿ ಅಂತ ತಿಳಿಯೋದೇ ಇಲ್ಲ. ನಿಮ್ಮ ಹಿತ್ತಾಳೆ ಬೀಗ ಜಗ್ಗದೇ ಇರೋದಕ್ಕೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ. ಪ್ಲಾಸ್ಟಿಕ್ ಬೀಗ ಕ್ಷಮಿಸುತ್ತೆ, ಅದರ ತೂತುಗಳು ಅಷ್ಟು ಸಡಿಲ. ಅಲ್ಲದೆ ಅಲ್ಲಿ ಕೆಲಸ ಮಾಡೋದು ಕಣ್ಣು, ಕೈ ಅಲ್ಲ. ಒಳಗೆ ಏನಾಗುತ್ತೆ ಅಂತ ಒಂದು ಸಂಜೆ ನೋಡಿ, ಮಕ್ಕಳಿಗೆ ಕೊಟ್ಟುಬಿಡಿ.

ಕೊನೇ ಪಿನ್ ಕೂತ ಮೇಲೆ ಕೆಲವು ಬೀಗಗಳಲ್ಲಿ ಪ್ಲಗ್ ಒಳಗಿನ ಲಾಚ್ ಸ್ಪ್ರಿಂಗನ್ನು ತಳ್ಳಬೇಕು. ಆಗ ಮಾತ್ರ ಸ್ವಲ್ಪ ಜೋರು ಬೇಕಾಗುತ್ತೆ. ಕೀಲಿ ಹಾಕಿ ಎಷ್ಟು ಬಲ ಕೇಳುತ್ತೆ, ಯಾವ ಕಡೆ ತಿರುಗುತ್ತೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಪೇಢೆನಗರಿ:

ಕಡ್ಡಿ ಮನ್ಯಾಗ ಮಾಡ್ಕೊಳ್ಳಾಕ ಬರ್ತದ ನೋಡ್ರಿ, ಸೆಟ್ಟಿಗೆ ರೊಕ್ಕ ಹಾಕೋದು ಬ್ಯಾಡ. 12 ಇಂಚಿನ ಹ್ಯಾಕ್ಸಾ ಬ್ಲೇಡ್ ಸುಮಾರು 0.6 ಎಂಎಂ ದಪ್ಪ ಇರ್ತದ, ಪಿಕ್ಕಿಗೆ ಅದು ಬರೋಬ್ಬರಿ. ಬಗ್ಗಿಸಿದ್ರ ಬಾಗೋ ಬ್ಲೇಡ್ ತಗೋರಿ. ಪೂರಾ ಗಡಸು ಇರೋದು ಕಟ್ಟಂತ ಮುರೀತದ, ತುದಿ ಬೀಗದಾಗ ಉಳೀತದ. ಹಲ್ಲು ಪೂರ್ತಿ ತೇಯ್ದು, ಆಕಾರ ಪೆನ್ನಿಲೆ ಬರದು, ಗ್ರೈಂಡರ್‌ಗೆ ಹಿಡೀರಿ. ಕಾಂಡ 2.5 ಎಂಎಂ ಅಗಲ, ಕೊಕ್ಕಿ ಅದಕ್ಕಿಂತ 1.5 ಎಂಎಂ ಮ್ಯಾಲ. ಎರಡು ಸೆಕೆಂಡಿಗೊಮ್ಮಿ ನೀರಾಗ ಅದ್ದಬೇಕು. ಲೋಹ ನೀಲಿಗಟ್ಟಿತಂದ್ರ ಹದ ಹೋತು, ಅಷ್ಟು ತುಂಡು ಕಡದು ಒಗೀರಿ, ಯಾಕಂದ್ರ ಅದು ಮ್ಯಾಲ ಬರೇ ಬಾಗ್ತದ.

ಟೆನ್ಷನ್ ಕಡ್ಡಿಗೆ ಗ್ಯಾರೇಜಿನಾಗ ಬಿಸಾಡಿದ ಕಾರಿನ ಹಳೇ ವೈಪರ್ ಕೇಳ್ರಿ. ರಬ್ಬರಿನ ಎರಡೂ ಮಗ್ಗಲಿಗೆ ಸ್ಟೀಲ್ ಪಟ್ಟಿ ಇರ್ತಾವ, ಪುಕ್ಕಟ. ತುದಿಯಿಂದ 10 ಎಂಎಂ ಬಿಟ್ಟು ವೈಸಿನಾಗ ಹಿಡದು ಸಾವಕಾಶ 90 ಡಿಗ್ರಿ ಬಗ್ಗಸ್ರಿ. ಒಮ್ಮೆಲೆ ಇಕ್ಕಳ ಹಚ್ಚಿ ತಿರುವಿದ್ರ ಸೀಳತದ.

ಇನ್ನೊಂದು. ಟೆನ್ಷನ್ ಕಡ್ಡಿ ಕೀಲಿ ತೂತಿನ ತಳಕ್ಕ ಇಟ್ರ ಪಿಕ್ ಆಡಾಕ ಜಾಗಾ ಇರಂಗಿಲ್ಲ. ಪಿನ್ನಿನ ಮಗ್ಗಲಿಗೆ, ಬಾಯಿ ಮ್ಯಾಲಿನ ತುದಿಗೆ ಕೂಡೋ ಹಂಗ ಅರದಿಂದ ತೇಯ್ಕೋರಿ. ಅಲ್ಲಾಡಬಾರದು, ಮೊದಲನೇ ಪಿನ್ನಿಗೂ ತಾಗಬಾರದು.

ಉಪ್ಪಿನಂಗಡಿ_ಕೀ:

ರೇಕ್, ಅಂದ್ರೆ ಎಲ್ಲ ಪಿನ್ನನ್ನೂ ಒಟ್ಟಿಗೆ ಅಲ್ಲಾಡಿಸುವ ಉಬ್ಬುಬ್ಬಿನ ಕಡ್ಡಿ, ಅದರ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಮೂರು ಉಬ್ಬಿನ ಬೊಗೊಟಾ ಒಂದು ಹಾಕಿ ನಾಲ್ಕು ಸಲ ಅಲ್ಲಾಡಿಸಿದ್ರೆ ಅಗ್ಗದ ಬೀಗ ಅರ್ಧಕ್ಕರ್ಧ ತೆಗೀತದೆ. ಹೊಸಬರಿಗೆ ಹುರುಪು ಬರ್ಲಿಕ್ಕೆ ಅದು ಬೇಕು.

ಅರದಪುಡಿ:

ಹುರುಪು ಬರುತ್ತೆ, ನಿಜ. ಆದರೆ ಯಾಕೆ ತೆಗೀತು ಅಂತ ಗೊತ್ತಾಗಲ್ಲ, ತೆಗೆಯದೇ ಇದ್ದಾಗ ಯಾಕಿಲ್ಲ ಅಂತಲೂ ಗೊತ್ತಾಗಲ್ಲ. ತಿಂಗಳು ಕಳೆದ ಮೇಲೆ ರೇಕ್ ಮುಟ್ಟಲಿ ಅಂತ ನನ್ನ ಅಭಿಪ್ರಾಯ.

ಕಟ್ಟೆಪುರಾಣ:

ಕಾನೂನಿನ ಪ್ರಶ್ನೆ ಹಾಗೇ ಉಳೀತು. ಸ್ವಂತ ಬೀಗವನ್ನು ಮನೆಯಲ್ಲಿ ಕೂತು ತೆಗೆಯೋದಕ್ಕೆ ಯಾರ ಅಡ್ಡಿಯೂ ಇಲ್ಲ. ಕಿಸೆಯಲ್ಲಿಟ್ಟುಕೊಂಡು ಓಡಾಡೋದು ಬೇರೆ ಮಾತು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಸಕಾರಣವಿಲ್ಲದೆ ಮನೆ ಒಡೆಯುವ ಸಾಧನ ಇಟ್ಟುಕೊಂಡು ಸಿಕ್ಕಿಬಿದ್ದರೆ ಅದೇ ಅಪರಾಧ. ರಾತ್ರಿ ಬೈಕ್ ತಡೆದವರ ಮುಂದೆ "ಹವ್ಯಾಸ ಸಾರ್" ಅನ್ನೋ ಉತ್ತರ ಎಷ್ಟು ನಡೆಯುತ್ತೆ ಯೋಚನೆ ಮಾಡಿ. ಗೆಳೆಯರ ಮನೆಗೆ ಒಯ್ಯಲೇಬೇಕಾದರೆ ಹಗಲು ಹೊತ್ತು, ಬೀಗ ಮತ್ತು ಕೀಲಿಗಳ ಸಮೇತ ಒಂದೇ ಡಬ್ಬಿಯಲ್ಲಿರಲಿ.

ಲೋಕದ ಎಲ್ಲ ಕಡೆ ಈ ಹವ್ಯಾಸದವರು ಪಾಲಿಸುವ ಎರಡು ನಿಯಮ: ನಿಮ್ಮದಲ್ಲದ ಬೀಗ, ಒಡೆಯರು ಒಪ್ಪದೆ ಮುಟ್ಟಬೇಡಿ, ಬಳಕೆಯಲ್ಲಿರುವ ಬೀಗ, ನಿಮ್ಮದೇ ಆದರೂ ಮುಟ್ಟಬೇಡಿ. ಎರಡನೆಯದು ಬರೀ ನೀತಿಯ ಮಾತಲ್ಲ. ಪಿಕ್ಕಿನ ತುದಿ ಒಳಗೆ ಮುರಿದರೆ ಕೀಲಿಯೂ ಹೋಗಲ್ಲ, ರಾತ್ರಿ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಕೂತಿರಬೇಕಾಗುತ್ತೆ.

ಬೀಗಕ್ಕೆ ತೆಂಗಿನೆಣ್ಣೆ ಬಿಡೋರು ನಮ್ಮಲ್ಲಿ ಬಹಳ. ಚಳಿಗೆ ಹೆಪ್ಪುಗಟ್ಟುತ್ತೆ, ಧೂಳು ಹಿಡಿದು ಪಿನ್ ಮೇಲಕ್ಕೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತೆ. ಹಳೇ ಬೀಗ ಸಿಕ್ಕರೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಪೆನ್ಸಿಲ್ ಸೀಸದ ಪುಡಿ ಒಂದು ಚಿಟಿಕೆ ಹಾಕಿ.

ಚಿಲಕ_07:

ತಕ್ಕಡಿ ಮೇಲೆ ಒತ್ತಿ ನೋಡಿದೆ, 400 ಗ್ರಾಂ ದಾಟಿತ್ತು! ಕಡಿಮೆ ಮಾಡಿದ ಮೇಲೆ ನಾಲ್ಕು ಪಿನ್ ಕ್ಲಿಕ್ ಆದವು, ಪ್ಲಗ್ ಒಂದು 5-10 ಡಿಗ್ರಿ ತಿರುಗಿ ನಿಂತುಬಿಡ್ತು. ಇನ್ನು ಯಾವುದೂ ಕಚ್ಚಿಕೊಂಡ ಹಾಗಿಲ್ಲ. ಬೀಗ ಕೆಟ್ಟಿತಾ?

ಅರದಪುಡಿ:

ಕೆಟ್ಟಿಲ್ಲ, ಒಳ್ಳೇ ಸುದ್ದಿ. ಅದರಲ್ಲಿ ಸ್ಪೂಲ್ ಪಿನ್ ಇದೆ: ನಡು ಸಣ್ಣ, ಎರಡು ತುದಿ ದಪ್ಪ, ದಾರ ಸುತ್ತುವ ರೀಲಿನ ಹಾಗೆ. ಅದರ ನಡು ಶಿಯರ್ ಲೈನಿಗೆ ಬಂದಾಗ ಪ್ಲಗ್ ಆ ಸಣ್ಣ ಜಾಗಕ್ಕೆ ತಿರುಗಿ, ತೆಗೆದೇಬಿಟ್ಟಿತು ಅನ್ನಿಸುತ್ತೆ. ಅದು ಸುಳ್ಳು ತಿರುವು. ಈಗ ಒಂದೊಂದು ಪಿನ್ನನ್ನೂ ಮೆಲ್ಲಗೆ ಎತ್ತಿ ನೋಡಿ. ಯಾವುದನ್ನು ಎತ್ತಿದಾಗ ಪ್ಲಗ್ ಹಿಂದಕ್ಕೆ ತಿರುಗಿ ನಿಮ್ಮ ಟೆನ್ಷನ್ ಬೆರಳನ್ನು ದಬ್ಬುತ್ತದೋ ಅದೇ ಸ್ಪೂಲ್. ಆ ದಬ್ಬುವಿಕೆಗೆ ಅಡ್ಡ ನಿಲ್ಲಬೇಡಿ, ಬೆರಳು ಸಡಿಲ ಬಿಡಿ. ಆದರೆ ಪೂರ್ತಿ ತೆಗೆಯಬೇಡಿ. ಪಿನ್ನಿನ ಕೆಳತುದಿ ಗೆರೆ ದಾಟಿದ ಕೂಡಲೇ ಕ್ಲಿಕ್. ಈ ಆಟದಲ್ಲಿ ಮೊದಲು ಕೂತಿದ್ದ ಒಂದೆರಡು ಪಿನ್ ಕೆಳಗೆ ಬೀಳೋದು ಮಾಮೂಲು, ಮತ್ತೆ ಕೂರಿಸಿ. ಅಮೆರಿಕದಲ್ಲಿರೋ ನಮ್ಮವರು ಯಾರಾದರೂ ಓದುತ್ತಿದ್ದರೆ, ಅಲ್ಲಿ ಮಾಸ್ಟರ್ ಲಾಕ್ ನಂ. 3 ಸಾದಾ ಪಿನ್ನಿಗೆ, 140 ಸ್ಪೂಲಿಗೆ ಸರಿ. ಅಮೆರಿಕನ್ ಲಾಕ್ ಕಂಪನಿಯ 1100ರಲ್ಲಿ ಹಲ್ಲು ಹಲ್ಲಿನ ಪಿನ್ ಸಹ ಇದೆ, ಒಂದೇ ಪಿನ್ ಮೂರ್ನಾಲ್ಕು ಸುಳ್ಳು ಕ್ಲಿಕ್ ಕೊಡುತ್ತೆ.

ಮುಂದಿನ ಹೆಜ್ಜೆಗೆ ಫ್ಲಾಟ್ ಬಾಗಿಲುಗಳಿಗೆ ಹಾಕುವ 60 ಎಂಎಂ ಯೂರೋ ಸಿಲಿಂಡರ್ ಒಂದು ತನ್ನಿ, ಅಗ್ಗದ್ದೇ ಸಾಕು. ಹಿತ್ತಾಳೆ ಬೀಗದ ಒಳಭಾಗ ಬಿಚ್ಚೋಕಾಗಲ್ಲ, ಇದರದ್ದು ಬಿಚ್ಚಬಹುದು. ನಡುವಿನ ಸರ್ಕ್ಲಿಪ್ (ಪ್ಲಗ್ಗನ್ನು ಹಿಡಿದಿಡುವ ಉಂಗುರದಂಥ ಕ್ಲಿಪ್) ತೆಗೆದು, ಕೀಲಿ ಹಾಕಿ 20 ಡಿಗ್ರಿ ತಿರುಗಿಸಿ, ಪ್ಲಗ್ಗನ್ನು ಮುಂದಕ್ಕೆ ಎಳೆಯುತ್ತಾ ಹಿಂದಿನಿಂದ ಅಷ್ಟೇ ದಪ್ಪದ ಕೋಲು ತಳ್ಳುತ್ತಾ ಬನ್ನಿ. ಪ್ಲಗ್ 13 ಎಂಎಂ, ಅರ್ಧ ಇಂಚಿನ ಮರದ ಕೋಲು ಸರಿಹೋಗುತ್ತೆ. ಕೋಲಿಗೂ ಪ್ಲಗ್ಗಿಗೂ ನಡುವೆ ಸಂದು ಬಿಟ್ಟರೆ ಸ್ಪ್ರಿಂಗುಗಳು ಹಾರುತ್ತವೆ. ಮೊದಲೆರಡು ಪಿನ್ ಮಾತ್ರ ಉಳಿಸಿ, ಉಳಿದ ತೂತುಗಳಿಂದ ಕೀಲಿ ಪಿನ್, ಡ್ರೈವರ್, ಸ್ಪ್ರಿಂಗ್ ಮೂರನ್ನೂ ತೆಗೆಯಿರಿ. ಕೀಲಿ ಪಿನ್ ಮಾತ್ರ ತೆಗೆದರೆ ಡ್ರೈವರ್ ಕೆಳಗಿಳಿದು ಪ್ಲಗ್ ಸಿಕ್ಕಿಕೊಳ್ಳುತ್ತೆ. ಎರಡು ಪಿನ್ ಹತ್ತು ಸಲ ತೆಗೆದ ಮೇಲೆ ಮೂರನೆಯದು ಹಾಕಿ.

ಚಿಲಕ_07:

ಹಿತ್ತಾಳೆದು ಇವತ್ತು ಎರಡು ಸಲ ತೆಗೀತು. ಸಿಲಿಂಡರ್ ನಾಳೆ ತರ್ತೀನಿ. ಸ್ಪ್ರಿಂಗ್ ಹಾರಿದರೆ ಅಯಸ್ಕಾಂತದಿಂದ ಹುಡುಕಬಹುದಲ್ವಾ?

ಪೇಢೆನಗರಿ:

ಪಿನ್ ಹಿತ್ತಾಳಿ, ಅಂಟಂಗಿಲ್ರಿ. ಸ್ಪ್ರಿಂಗೂ ಅಂಟೇ ಅಂಟ್ತದ ಅಂತ ನಂಬಬ್ಯಾಡ್ರಿ. ಅಂಚಿರೋ ಊಟದ ತಾಟಿನಾಗ ಬಿಳಿ ಅರಿವಿ ಹಾಸಿ, ಅದರ ಮ್ಯಾಲ ಬಿಚ್ಚರಿ. ಫ್ಯಾನ್ ಬಂದ್ ಮಾಡ್ರಿ ಮತ್ತ.